ಬಳ್ಳಾರಿಯಿಂದ ಬಂದ ಸರದಿ

ಮಾದೇಶ ಅಂಗೈಯ ಬೆವರನ್ನು ಚಡ್ಡಿಗೆ ಒರೆಸಿಕೊಂಡು ಯಂತ್ರದ ಎಡಗಡೆಯ ಗಾಜಿನ ತಟ್ಟೆಯ ಮೇಲೆ ಕೈಯಿಟ್ಟ. ಕೆಳಗಿನಿಂದ ತಿಳಿನೀಲಿ ಬೆಳಕು ಹರಿದು ಅವನ ಬೆರಳಿನ ಎಲುಬುಗಳೆಲ್ಲ ಎಕ್ಸ್‌ರೇ ತೆಗೆದಂತೆ ಕಾಣಿಸಿದವು. ಬಲಗಡೆಯ ತಟ್ಟೆಯ ಮೇಲೆ ಡಾ. ನಿಶ್ಚಲ್ ಕೆದಿಲಾಯರು ಒಂದು ಪುಟ್ಟ ಕಾರ್ಡನ್ನು ಇಟ್ಟರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ‘ಬಳ್ಳಾರಿ ತಂಡದ ಮೊದಲ ಸರದಿ, ಮೂರು ವರ್ಷಗಳ ನಂತರ’ ಎಂದಷ್ಟೇ ಇತ್ತು.

ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ಬಳಿಕ ಎಡಗಡೆ ನಲವತ್ತೆರಡು, ಬಲಗಡೆ ಎಂಬತ್ತೇಳು ಎಂಬ ಅಂಕಿಗಳು ಮೂಡಿದವು.

"ನೋಡಿದ್ರಾ ಮೇಡಂ? ಡಬಲ್ಲಿಗಿಂತ ಜಾಸ್ತಿ ಉಂಟು," ಎಂದರು ಕೆದಿಲಾಯರು, ತಮ್ಮ ಮಗಳೇ ಶಾಲೆಗೆ ಮೊದಲು ಬಂದಳೇನೋ ಎಂಬ ಸಂಭ್ರಮದಲ್ಲಿ.

ಮಂಡ್ಯ ಬ್ಯಾಸ್ಕೆಟ್‌ಬಾಲ್ ತಂಡದ ವ್ಯವಸ್ಥಾಪಕಿ ಸಿಂಚನಾ ಅಂಕಿಗಳನ್ನು ನೋಡಲಿಲ್ಲ. ಮಾದೇಶನ ಮುಖವನ್ನು ನೋಡಿದರು. ಅವನು ಕೈ ತೆಗೆದು, ತಟ್ಟೆಯ ಮೇಲೆ ಉಳಿದಿದ್ದ ಬೆವರಿನ ಗುರುತನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಇನ್ನೊಬ್ಬರ ವಸ್ತು ಕೊಳೆಯಾದೀತೆಂಬ ಸಂಕೋಚ ಅವನದು.

ಆ ಕಾಲಕ್ಕೆ ರಾಜ್ಯದಲ್ಲಿ ಹತ್ತು ವೃತ್ತಿಪರ ತಂಡಗಳಿದ್ದವು. ಮಂಡ್ಯದ ತಂಡಕ್ಕೆ ಹಿರಿಯರು ‘ಕಬ್ಬಿನಹಾಲು’ ಎಂದು ಹೆಸರಿಟ್ಟಿದ್ದರು. ಹೆಸರು ಕೇಳಿ ಎದುರಾಳಿಗಳು ನಗುತ್ತಿದ್ದರು, ಆಟ ನೋಡಿ ಇನ್ನಷ್ಟು ನಗುತ್ತಿದ್ದರು. ಪ್ರತಿವರ್ಷ ಶಾಲೆ ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳಬೇಕು. ಹಿಂದಿನ ವರ್ಷ ತೀರಾ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಬಡವನ ಎಲೆಗೇ ಮೊದಲು ಪಾಯಸ ಬಡಿಸುವ ನ್ಯಾಯವಿದು. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಂತೆಯೇ ಈ ಸರದಿಗಳನ್ನೂ ಮಾಡಿಕೊಳ್ಳಬಹುದಿತ್ತು. ತೊಡಕಿದ್ದದ್ದು ಅಲ್ಲೇ. ಕಣ್ಣೆದುರಿಗಿರುವ ಇಪ್ಪತ್ತರ ಹುಡುಗ ಹೆಚ್ಚೋ, ಇನ್ನೂ ಯಾರೆಂದೇ ಗೊತ್ತಿಲ್ಲದ ನಾಳೆಯ ಹುಡುಗ ಹೆಚ್ಚೋ?

ಈ ಪ್ರಶ್ನೆಗೆ ಉತ್ತರವಾಗಿ ಕೆದಿಲಾಯರು ಮುಂತೂಕದ ಯಂತ್ರವನ್ನು ಕಟ್ಟಿದ್ದರು. ಅದು ಆಟಗಾರನ ಎಲುಬು, ಸ್ನಾಯು, ನರಗಳ ಚುರುಕನ್ನು ಅಳೆಯುತ್ತಿತ್ತು. ಅವನು ಬಾಲ್ಯದಿಂದ ಆಡಿದ ಆಟಗಳ ಚಿತ್ರಗಳನ್ನೆಲ್ಲ ಜಾಲಾಡುತ್ತಿತ್ತು. ಇನ್ನೊಂದು ತಟ್ಟೆಯ ಸರದಿಗಾಗಿ, ಹತ್ತೂ ತಂಡಗಳ ಮುಂದಿನ ವರ್ಷಗಳನ್ನು ತನ್ನೊಳಗೇ ಲಕ್ಷಾಂತರ ಬಾರಿ ಆಡಿಸಿ, ಯಾವ ತಂಡ ಎಲ್ಲಿ ನಿಲ್ಲುತ್ತದೆ, ಆಗ ಯಾವ ಶಾಲೆಯ ಯಾವ ಹುಡುಗ ಸಿಗುತ್ತಾನೆ ಎಂದು ಲೆಕ್ಕ ಹಾಕುತ್ತಿತ್ತು. ಬಂದ ಬೆಲೆಯನ್ನು ಗುಂಜಿಗಳಲ್ಲಿ ಹೇಳುತ್ತಿತ್ತು. ಹಳೆಯ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ನೆನಪಿಗೆ ಅವರೇ ಇಟ್ಟ ಹೆಸರದು.

"ಬಳ್ಳಾರಿ ಇನ್ನು ಮೂರು ವರ್ಷಕ್ಕೆ ಪಾತಾಳಕ್ಕೆ ಇಳಿಯುತ್ತದೆ," ಎಂದರು ಕೆದಿಲಾಯರು. "ಅವರ ಮೊದಲ ಸರದಿ ಅಂದರೆ ಇಡೀ ರಾಜ್ಯಕ್ಕೇ ಮೊದಲ ಸರದಿ. ಈ ಹುಡುಗನನ್ನು ಕೊಟ್ಟು ಅದನ್ನು ತಗೊಳ್ಳಿ. ಯೋಚನೆ ಮಾಡ್ಲಿಕ್ಕೇ ಇಲ್ಲ."

"ಯೋಚ್ನೆ ಮಾಡಕ್ಕೆ ನಿಮ್ಗೇನು ಸ್ವಾಮಿ? ಇವುನ್ನ ಹನ್ನೆರಡು ವರ್ಷದೋನಿದ್ದಾಗಿಂದ ನೋಡಿರೋಳು ನಾನು. ಇಂಥ ಹುಡ್ಗ ಇನ್ನೊಬ್ಬ ಸಿಕ್ತಾನಾ ಅಂತ ಕೇಳುದ್ರೆ ನಿಮ್ ಮಿಷಿನ್ನು ಏನಂತದೆ?"

"ಮಿಷಿನಿಗೆ ಮಮತೆ ಇಲ್ಲ ಮೇಡಂ. ಅದೇ ಅದರ ದೊಡ್ಡಗುಣ."

ಸಿಂಚನಾ ತಾವೂ ಒಂದು ಕಾಲದಲ್ಲಿ ಆಡಿ ಮಂಡಿ ಸವೆಸಿಕೊಂಡವರು. ಮಾದೇಶನ ಆಟದಲ್ಲಿ ಕಣ್ಣು ಕುಕ್ಕುವಂಥದ್ದು ಏನೂ ಇಲ್ಲವೆಂದು ಅವರಿಗೂ ಗೊತ್ತಿತ್ತು. ಅವನು ತಾನಾಗಿ ಬುಟ್ಟಿಗೆ ಚೆಂಡು ಹಾಕುವುದೇ ಅಪರೂಪ. ಬುಟ್ಟಿಗೆ ಹಾಕುವವನಿಗೆ ಪಾಸ್ ಕೊಡುತ್ತಾನಲ್ಲ, ಅಂಥವನಿಗೆ ಪಾಸ್ ಕೊಡುವವನು ಇವನು. ಅಂಕ ಬರೆಯುವವರ ಕಣ್ಣು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ತಂಡ ವರ್ಷಗಳಿಂದ ಅತ್ತ ಮೇಲೂ ಅಲ್ಲ, ಇತ್ತ ಕೆಳಗೂ ಅಲ್ಲ ಎಂಬಂತೆ ನಡುವೆ ತೂಗಾಡುತ್ತಿತ್ತು. ಹೀಗೇ ಹೋದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ತಂಡದ ಸಮಿತಿಯವರು ಸೂಚ್ಯವಾಗಿ ಹೇಳಿದ್ದರು. ಸಿಂಚನಾ ಎರಡು ದಿನ ಊಟ ಸೇರದೆ ಒದ್ದಾಡಿ, ಕೊನೆಗೆ ಯಂತ್ರದ ಮಾತಿಗೆ ಹೂಂ ಎಂದರು. ಸರದಿ ಕೈಕೊಟ್ಟರೆ ತಾವೇ ಕೆಲಸ ಬಿಡುವುದಾಗಿಯೂ ಸಮಿತಿಗೆ ಮಾತು ಕೊಟ್ಟರು.

ಬಳ್ಳಾರಿಯ ಬಸ್ಸು ಹೊರಡುವ ಮುಂಚೆ ಮಾದೇಶ ಬ್ಯಾಗನ್ನು ಹೆಗಲಿಗೇರಿಸಿ ಅವರ ಮುಂದೆ ನಿಂತ.

"ಅಕ್ಕ, ನನ್ ಬದ್ಲಿಗೆ ಬರೋನು ಯಾರು ಅಂತ ಗೊತ್ತಾ?"

"ಗೊತ್ತಿಲ್ಲ ಕಣ್ಲಾ ಮಗ. ಎಲ್ಲೋ ಯಾವ್ದೋ ಸ್ಕೂಲಲ್ಲಿ ಓದ್ತಾ ಇರ್ತಾನೆ."

"ಅವುನ್ಗೂ ಗೊತ್ತಿಲ್ಲ, ಪಾಪ." ಮಾದೇಶ ನಕ್ಕ. "ಬಂದಾಗ ನನ್ ಏಳನೇ ನಂಬರ್ ಅಂಗಿ ಅವುನ್ಗೇ ಕೊಡಿ. ಬೀರುನಲ್ಲಿ ಮಡ್ಚಿಟ್ಟಿವ್ನಿ."

ಅವನು ಬೈದಿದ್ದರೆ ಸಿಂಚನಾಗೆ ಸುಲಭವಾಗುತ್ತಿತ್ತು. ಅಚ್ಚುಬೆಲ್ಲದ ಪೊಟ್ಟಣವೊಂದನ್ನು ಅವನ ಕೈಗೆ ತುರುಕಿ, ಬಸ್ಸು ಹೊರಡುವ ಮೊದಲೇ ತಿರುಗಿ ನಡೆದುಬಿಟ್ಟರು. ಕಣ್ಣೀರನ್ನು ಊರವರಿಗೆಲ್ಲ ಏಕೆ ತೋರಿಸಬೇಕು?

ಎಣಿಸಿದ್ದೇ ಒಂದು, ಆದದ್ದೇ ಇನ್ನೊಂದು. ಪಾತಾಳಕ್ಕಿಳಿಯಬೇಕಾಗಿದ್ದ ಬಳ್ಳಾರಿ ಮೊದಲ ವರ್ಷವೇ ನಡುವಿಗೆ ಬಂತು. ಎರಡನೆಯ ವರ್ಷ ಸೆಮಿಫೈನಲ್ ತಲುಪಿತು. ಮೂರನೆಯ ವರ್ಷ ಕಪ್ಪನ್ನೇ ಎತ್ತಿತು. ವಿಚಿತ್ರವೆಂದರೆ ಆ ಮೂರು ವರ್ಷಗಳಲ್ಲಿ ಮಾದೇಶನ ಗುಂಜಿ ನಲವತ್ತೆರಡರಿಂದ ಅಲುಗಲೇ ಇಲ್ಲ. ಅವನ ಜೊತೆ ಆಡಿದವರದೆಲ್ಲ ಏರುತ್ತ ಹೋಯಿತು. ಗೆದ್ದ ತಂಡದ ಸರದಿ ಎಲ್ಲರಿಗಿಂತ ಕೊನೆಯದು. ಎಂಬತ್ತೇಳು ಗುಂಜಿಯ ಸರದಿ ಹೀಗೆ ಕರಗಿ, ಕೈಯಲ್ಲಿ ಹತ್ತನೆಯ ಸರದಿಯೊಂದು ಉಳಿಯಿತು.

ಮಂಡ್ಯದ ಜನ ಬಿಡುತ್ತಾರೆಯೇ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂದು ಹೋಟೆಲುಗಳಲ್ಲಿ ಆಡಿಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಇನ್ನು ಕೆಲವರು. ತರಕಾರಿಯವನೂ ಬದನೆಕಾಯಿ ತೂಗುವಾಗ "ಮಿಷಿನ್ ತೂಕ ಕೊಡ್ಲಾ ಮೇಡಂ, ಕೈತೂಕ ಕೊಡ್ಲಾ?" ಎಂದು ಕೇಳಿದ.

ಕೆದಿಲಾಯರು ಮುಖ ಸಣ್ಣದು ಮಾಡಿಕೊಂಡು ಬಂದರು.

"ತಪ್ಪು ಎಲ್ಲಿ ಅಂತ ಸಿಕ್ಕಿತು ಮೇಡಂ. ಯಂತ್ರ ಎರಡು ತಟ್ಟೆಗಳನ್ನೂ ಬೇರೆಬೇರೆಯಾಗಿ ತೂಗಿತು. ನಲವತ್ತೆರಡು ಗುಂಜಿಯವನು ಒಬ್ಬ ಹೋಗಿ ಸೇರಿದರೆ ಬಳ್ಳಾರಿ ತಂಡ ಏನೂ ಬದಲಾಗುವುದಿಲ್ಲ ಅಂತ ಅದರ ಎಣಿಕೆ. ಇವನ ತೂಕ ಇವನ ತಟ್ಟೆಯಲ್ಲೇ ಇರಲಿಲ್ಲ, ಪಕ್ಕದವರ ತಟ್ಟೆಯಲ್ಲಿ ಉಂಟು. ಅದನ್ನು ಅಳೆಯುವುದು ಹೇಗೆಂದು ನನಗೆ ಗೊತ್ತಿಲ್ಲ ಮಾರಾಯ್ರೆ."

ಸಿಂಚನಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಳಗೊಳಗೇ ಒಂದು ಹೆಮ್ಮೆ ಎದ್ದಿತು. ಮಾದೇಶ ಬಳ್ಳಾರಿಗೆ ಏನು ಹೊತ್ತುಕೊಂಡು ಹೋಗಿದ್ದಾನೆಂದು ಅವರಿಗೆ ಆಗ ಹೊಳೆದಿತ್ತು.

ಅದು ಮುಯ್ಯಾಟ. ಮಂಡ್ಯದ ಕಡೆ ಮದುವೆಯಲ್ಲಿ ಮುಯ್ಯಿ ಓದಿಸುತ್ತಾರೆ. ಹಿಂದೆ ಗದ್ದೆ ನಾಟಿಗೂ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಸಿಂಚನಾ ತಮ್ಮ ಆಟದ ದಿನಗಳಲ್ಲಿ ಇದನ್ನೇ ಒಂದು ಅಭ್ಯಾಸವಾಗಿ ಮಾಡಿದ್ದರು, ಹುಡುಗ ಮಾದೇಶನಿಗೂ ಅದನ್ನೇ ಕಲಿಸಿದ್ದರು. ಯಾರ ಪಾಸಿನಿಂದ ನೀನು ಬುಟ್ಟಿ ತುಂಬಿದೆಯೋ, ಅವನಿಗೆ ನೀನೊಂದು ಬುಟ್ಟಿ ತುಂಬುವ ಅವಕಾಶ ಕೊಡುವ ತನಕ ಮತ್ತೆ ನೀನು ಎಸೆಯುವಂತಿಲ್ಲ. ಯಂತ್ರ ಬಂದ ಮೇಲೆ ಮಂಡ್ಯದಲ್ಲಿ ಈ ಅಭ್ಯಾಸ ನಿಂತುಹೋಗಿತ್ತು. ಪಾಸ್ ಕೊಟ್ಟರೆ ಗುಂಜಿ ಏರುವುದಿಲ್ಲವೆಂಬ ಗುಟ್ಟು ಹುಡುಗರಿಗೆ ಬೇಗನೆ ತಿಳಿದಿತ್ತು.

ಆಯ್ಕೆಯ ದಿನ ದಾವಣಗೆರೆಯಲ್ಲಿ ಹತ್ತೂ ತಂಡದವರು ಸೇರಿದರು. ಅಷ್ಟರಲ್ಲಿ ಎಲ್ಲರ ಬಳಿಯೂ ಮುಂತೂಕದ ಯಂತ್ರವಿತ್ತು. ಎಲ್ಲ ಯಂತ್ರಗಳೂ ಒಂದೇ ಪಾಠ ಒಪ್ಪಿಸಿದ್ದರಿಂದ ಮೊದಲ ಒಂಬತ್ತು ಹುಡುಗರು ಯಾರೆಂಬುದರಲ್ಲಿ ಗುಟ್ಟೇನೂ ಉಳಿದಿರಲಿಲ್ಲ. ಬೆಳಿಗ್ಗೆ ಹುಡುಗರನ್ನು ಆಡಿಸಿ ತೋರಿಸುವಾಗ ಯಾರೂ ಅಂಕಣದ ಕಡೆ ನೋಡುತ್ತಿರಲಿಲ್ಲ. ತಮ್ಮ ತಮ್ಮ ತೆರೆಗಳನ್ನೇ ನೋಡುತ್ತಿದ್ದರು. ಸಿಂಚನಾ ಮಾತ್ರ ಗೋಡೆಗೊರಗಿ ಆಟ ನೋಡುತ್ತ ನಿಂತರು. ಕೆಲಸ ಬಿಡುವ ಪತ್ರ ಅವರ ಕೈಚೀಲದಲ್ಲಿತ್ತು. ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ ಎಂಬ ನಿರಾಳ ಅವರದು.

ಅಂಕಣದಲ್ಲಿ ಒಬ್ಬ ಕುಳ್ಳ ಹುಡುಗನಿದ್ದ. ಚೆಂಡು ಕೈಯಲ್ಲಿದೆ, ಬುಟ್ಟಿ ಎದುರಿಗಿದೆ, ತಡೆಯುವವರು ಯಾರೂ ಇಲ್ಲ. ಆದರೂ ಅವನು ಎಸೆಯಲಿಲ್ಲ. ಕತ್ತು ಹೊರಳಿಸಿ ಕಬ್ಬಿನ ಸೋಗೆಯಂತೆ ಉದ್ದಕ್ಕಿದ್ದ ಒಬ್ಬನನ್ನು ಹುಡುಕಿ ಅವನಿಗೆ ಕೊಟ್ಟ. ಉದ್ದನೆಯವನು ಬುಟ್ಟಿ ತುಂಬಿದ ಮೇಲೆ, ಮುಂದಿನ ಸಲ ಕುಳ್ಳ ಸಲೀಸಾಗಿ ತಾನೇ ಎಸೆದ. ಅದೂ ಬುಟ್ಟಿಗೆ ಬಿತ್ತು.

"ಹತ್ತೊಂಬತ್ತು ಗುಂಜಿ," ಎಂದರು ಪಕ್ಕದಲ್ಲಿದ್ದ ಕೆದಿಲಾಯರು. "ಎತ್ತರವೂ ಇಲ್ಲ, ಧೈರ್ಯವೂ ಇಲ್ಲ. ಖಾಲಿ ಬುಟ್ಟಿಗೆ ಎಸೆಯಲಿಲ್ಲ ನೋಡಿ."

ಆಟ ಮುಗಿದದ್ದೇ ಸಿಂಚನಾ ಹುಡುಗನನ್ನು ಹತ್ತಿರ ಕರೆದರು. ಹೊನ್ನೂರಸ್ವಾಮಿ ಎಂದು ಹೆಸರು, ಬಳ್ಳಾರಿಯವನು.

"ಎದ್ರುಗೇ ಇತ್ತಲ್ಲಪ್ಪ ಬುಟ್ಟಿ, ಯಾಕೆ ಎಸೀಲಿಲ್ಲ?"

"ಅವ್ನು ಮೊದ್ಲು ನಂಗ ಕೊಟ್ಟಿದ್ನಲ್ರಿ ಮೇಡಂ. ನಾ ಇನ್ನಾ ತಿರುಗಿ ಕೊಟ್ಟಿದ್ದಿಲ್ಲ."

"ಈ ಆಟ ಯಾರು ಕಲ್ಸಿದ್ದು?"

"ಮಾದೇಶಣ್ಣ ಅದಾರಲ್ರಿ, ಅವ್ರು. ದಿನಾ ಸಂಜೀಕ ನಮ್ ಸಾಲಿಗೆ ಬರ್ತಿದ್ರು. ನಮ್ ಅಷ್ಟೂ ಮಂದಿ ಹುಡುಗ್ರಿಗೂ ಹೇಳ್ತಿದ್ರು, ನನ್ ಬದ್ಲಿಗೆ ಒಬ್ಬಾವ ಮಂಡ್ಯಕ್ಕ ಹೋಗ್ಬೇಕು, ಯಾರಂತ ನಂಗೂ ಗೊತ್ತಿಲ್ಲ, ಅವ ಚಲೋ ಆಡ್ಬೇಕು, ಅಕ್ಕಗ ಮೋಸ ಆಗ್ಬಾರ್ದು ಅಂತ."

ತನ್ನನ್ನು ಒಂದು ಕಾರ್ಡಿಗೆ ಬದಲು ಕೊಟ್ಟವರ ಮೇಲೆ ಮುನಿಸಿಕೊಳ್ಳದೆ, ಆ ಕಾರ್ಡಿಗೊಂದು ಮುಖ ಸಿಗಲಿ ಎಂದು ಮೂರು ವರ್ಷ ದುಡಿದಿದ್ದನಲ್ಲ ಮಾದೇಶ! ಸಿಂಚನಾ ಕೆದಿಲಾಯರ ಕಡೆ ತಿರುಗಿದರೆ, ಅವರು ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದರು.

ಮಂಡ್ಯದ ಸ್ವಂತ ಸರದಿ ಎಂದಿನಂತೆ ಮುಗಿಯಿತು. ಬಳ್ಳಾರಿಯಿಂದ ಪಡೆದ ಹತ್ತನೆಯ ಸರದಿ ಬಂದಾಗ ಸಿಂಚನಾ ಎದ್ದು ಹೊನ್ನೂರಸ್ವಾಮಿಯ ಹೆಸರು ಹೇಳಿದರು. ಸಭೆಯಲ್ಲಿ ಕಿಸಕ್ಕೆಂದು ನಗು ಕೇಳಿಸಿತು. ಯಾರೋ "ಕಬ್ಬಿನಹಾಲಿಗೆ ನೀರು ಬಿತ್ತು" ಎಂದರು. ಬೀರುವಿನಲ್ಲಿದ್ದ ಏಳನೇ ನಂಬರಿನ ಅಂಗಿ ಹುಡುಗನ ಮಂಡಿಯವರೆಗೂ ಬಂತು. ದರ್ಜಿಯ ಬಳಿ ಹೋಗಿ ಕತ್ತರಿಸಿ ಹೊಲಿಸಬೇಕಾಯಿತು.

ಮಂಡ್ಯದ ಅಂಕಣದಲ್ಲಿ ಮತ್ತೆ ಮುಯ್ಯಾಟ ಶುರುವಾಯಿತು. ಮೊದಮೊದಲು ಹಳಬರು ಗೊಣಗಿದರು. ಆದರೆ ಕುಳ್ಳನ ಕೈಯಿಂದ ಪಾಸ್ ಬಂದು ಬುಟ್ಟಿ ತುಂಬತೊಡಗಿದ ಮೇಲೆ, ಋಣ ಇಟ್ಟುಕೊಂಡು ಆಡುವುದಕ್ಕೆ ಅವರಿಗೇ ನಾಚಿಕೆಯಾಯಿತು. ಆ ವರ್ಷ ‘ಕಬ್ಬಿನಹಾಲು’ ಮೊದಲ ಬಾರಿಗೆ ಫೈನಲ್ ತಲುಪಿತು. ಎದುರಾಳಿ ಬಳ್ಳಾರಿ. ಕೊನೆಯ ಗಳಿಗೆಯ ತನಕ ಹಗ್ಗಜಗ್ಗಾಟ ನಡೆದು ಬಳ್ಳಾರಿಯೇ ಕೂದಲೆಳೆಯಲ್ಲಿ ಗೆದ್ದಿತು. ಆದರೂ ಮಂಡ್ಯದವರು ಸೋತ ಮುಖ ಹಾಕಿಕೊಳ್ಳಲಿಲ್ಲ. ಇಂಥ ಆಟ ನೋಡಿ ಎಷ್ಟು ವರ್ಷವಾಗಿತ್ತೋ. ಕೈಚೀಲದಲ್ಲಿದ್ದ ಪತ್ರವನ್ನು ಸಿಂಚನಾ ಯಾವಾಗಲೋ ಹರಿದು ಹಾಕಿದ್ದರು.

ಆಟ ಮುಗಿದ ಮೇಲೆ ಮಾದೇಶ ಬಂದು ಅವರ ಕಾಲು ಮುಟ್ಟಿದ.

"ಅಕ್ಕ, ಮುಯ್ಯಿ ತೀರ್ತಾ?"

"ಎಲ್ಲಿ ತೀರ್ತದ್ಲಾ? ನೀನು ಹೆಚ್ಚಿಗೇನೇ ಹಾಕ್ಬುಟ್ಟಿದ್ದೀಯ. ಮುಯ್ಯಿನ ಸಮಕ್ಕೆ ಸಮ ತೀರುಸ್ಬಾರ್ದು ಅಂತ ಹೇಳ್ಕೊಟ್ಟೋಳು ನಾನೇ ಅಲ್ವಾ? ಈಗ ಸಾಲ ನಮ್ ಮೇಲೆ ಬಿತ್ತು, ಹೋಗು." ಹೀಗೆಂದು ಅವನ ತಲೆ ನೇವರಿಸಿದರು. ಈ ಸಲ ಕಣ್ಣೀರನ್ನು ಬಚ್ಚಿಡುವ ಗೋಜಿಗೆ ಹೋಗಲಿಲ್ಲ.

ಕೆಲವು ವಾರಗಳ ನಂತರ ಕೆದಿಲಾಯರು ಯಂತ್ರವನ್ನು ಹೊಸದಾಗಿ ತಿದ್ದಿಕೊಂಡು ಮಂಡ್ಯಕ್ಕೆ ಬಂದರು. ಅವರ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು.

"ಮೇಡಂ, ಹೇಳಿ. ಸರದಿ ಹುಡುಗನಿಗಿಂತ ಹೆಚ್ಚು ಬೆಲೆಯದು ಅಂತ ಯಂತ್ರ ಹೇಳಿತ್ತು. ಕೊನೆಗೆ ನೋಡಿದರೆ ನಿಮಗೆ ಒಳ್ಳೆಯದೇ ಆಯಿತು. ಹಾಗಾದರೆ ನನ್ನ ಯಂತ್ರ ಹೇಳಿದ್ದು ಸರಿಯೋ ತಪ್ಪೋ?"

"ಸರಿಯಾಗೇ ಹೇಳ್ತು ಬುಡಿ. ಯಾಕೆ ಅಂತ ಮಾತ್ರ ಅದುಕ್ಕೆ ಗೊತ್ತಿರಲಿಲ್ಲ," ಎಂದು ಸಿಂಚನಾ ನಕ್ಕರು. "ಬನ್ನಿ, ಕಾಫಿ ಕುಡಿಯೋಣ."

ಹೊರಗೆ ಸಂಜೆ ಬಿಸಿಲಿನಲ್ಲಿ ಅಂಕಣದ ತುಂಬ ಶಾಲೆಯ ಮಕ್ಕಳು ಕಿರುಚಾಡುತ್ತಿದ್ದರು. ನಡುವೆ ಸೀಟಿ ಕಚ್ಚಿಕೊಂಡು ಹೊನ್ನೂರಸ್ವಾಮಿ ಓಡಾಡುತ್ತಿದ್ದ. ಎರಡು ಸಲ ಎಸೆದವನನ್ನು ನಿಲ್ಲಿಸಿ, ಯಾರ ಮುಯ್ಯಿ ಬಾಕಿ ಇದೆಯೆಂದು ವಿಚಾರಿಸುತ್ತಿದ್ದ.

"ಏನಪ್ಪ, ನಿನ್ನ ಅಭ್ಯಾಸ ಮುಗಿಯಿತಲ್ಲ," ಎಂದು ಕೆದಿಲಾಯರು ಕೇಳಿದರು. "ಈ ಪಿಳ್ಳೆಗಳಿಗೆಲ್ಲ ಕಲಿಸಿದರೆ ನಿನ್ನ ಗುಂಜಿ ಏರುವುದಿಲ್ಲ ಮಾರಾಯ. ಯಾಕೆ ಈ ಕಷ್ಟ?"

ಹೊನ್ನೂರಸ್ವಾಮಿ ಸೀಟಿ ತೆಗೆದು, ಇಷ್ಟೂ ತಿಳಿಯದೇ ಎಂಬಂತೆ ಅವರನ್ನು ನೋಡಿದ.

"ಬಳ್ಳಾರಿಗೆ ಒಬ್ಬಾವನ್ನ ಕಳಿಸ್ಬೇಕಲ್ರಿ ಸಾರ್. ಯಾರಂತ ಇನ್ನಾ ಗೊತ್ತಿಲ್ಲ. ಅದಕ್ಕ ಎಲ್ಲಾರ್ಗೂ ಕಲಿಸ್ತೀನ್ರಿ."

ಕೆದಿಲಾಯರು ಯಂತ್ರದ ಪೆಟ್ಟಿಗೆಯನ್ನು ಗೋಡೆಯ ಬದಿಗಿಟ್ಟು, ಸಿಂಚನಾ ತಂದುಕೊಟ್ಟ ಕಾಫಿ ಆರುವ ತನಕ ಮಕ್ಕಳ ಆಟವನ್ನೇ ನೋಡುತ್ತ ನಿಂತರು.