ಗೀರಿಲ್ಲದ ತಟ್ಟೆ

ಸೋಮವಾರ ಬೆಳಿಗ್ಗೆ ನ್ಯಾಮತಿ ಠಾಣೆಗೆ ದೂರು ತಂದವರು ಶಾಂತಲಾ, ಊರಾಚೆಯ ಖಾಸಗಿ ಔಷಧ ಪ್ರಯೋಗಾಲಯದ ವಿಜ್ಞಾನಿ. ಜೀವಕೋಶ ಬೆಳೆಸಿದ್ದ ಅಂಗೈಯಗಲದ ತಟ್ಟೆಯೊಂದು ಕಳುವಾಗಿದೆ, ಆ ಜಾಗದಲ್ಲಿ ಬೇರೊಂದನ್ನು ಇಟ್ಟಿದ್ದಾರೆ ಎಂದರು.

“ಒಂದು ತಟ್ಟೆಗೆ ಎಫ್‌ಐಆರ್ ಬೇಕೇನಮ್ಮಾ?” ಇನ್‌ಸ್ಪೆಕ್ಟರ್ ತಿಪ್ಪೇರುದ್ರ ಕೇಳಿದರು.

“ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಮುಲಾಮು ಮಾಡ್ತಿದೀವಿ ಸರ್. ಈ ಸುಳ್ಳು ತಟ್ಟೆ ನಂಬಿದ್ರೆ ಮುಂದಿನ ವಾರ ರೋಗಿಗಳಿಗೆ ಹಚ್ಚಾಕೆ ಶುರು ಮಾಡ್ತಾರೆ. ಕೆಲಸ ಮಾಡದ ಔಷಧಿ ನಂಬ್ಕೊಂಡು ಕೂತ್ರೆ ಕಾಲೇ ಹೋಗ್ತವೆ.”

ಎಫ್‌ಐಆರ್ ದಾಖಲಾಯಿತು.

ಪ್ರಯೋಗಾಲಯದಲ್ಲಿ ಶಾಂತಲಾ ವಿವರಿಸಿದರು. ತಟ್ಟೆಯ ತಳದಲ್ಲಿ ಒತ್ತೊತ್ತಾಗಿ ಹರಡಿದ ಚರ್ಮದ ಕೋಶಗಳ ಮೇಲೆ ಪ್ಲಾಸ್ಟಿಕ್ ಮೊನೆಯಿಂದ ಗೀರು ಎಳೆಯುತ್ತಾರೆ. ಅದೇ ಗಾಯ. ಬೆಚ್ಚಗಿನ ಪೆಟ್ಟಿಗೆಯೊಳಗೆ ಸೂಕ್ಷ್ಮದರ್ಶಕದ ಕ್ಯಾಮೆರಾ ಆಗಾಗ ಚಿತ್ರ ತೆಗೆಯುತ್ತದೆ. ಗೀರು ಕಿರಿದಾಗುವ ವೇಗವೇ ಕೋಶಗಳ ನಡಿಗೆಯ ವೇಗ.

ಗಾಯ ಮಾಯಿಸುತ್ತದೆಂದು ಮೊದಲೇ ಖಚಿತವಾಗಿದ್ದ ಔಷಧಿಯನ್ನು ಹೋಲಿಕೆಗೆಂದು ಇನ್ನೊಂದು ತಟ್ಟೆಗೆ ಹಾಕಿದ್ದರು. ಅದರ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರು. ತಿಪ್ಪೇರುದ್ರ ಟೋಪಿ ತೆಗೆದು ಬಗ್ಗಿದರು. ಗೀರಿನ ಎರಡೂ ದಡದಿಂದ ಕೋಶಗಳು ತೆಳು ಪಾದ ಚಾಚಿ, ತಡವರಿಸಿ, ಪಕ್ಕದವನ್ನೂ ಎಳೆದುಕೊಂಡು ಬಯಲಿಗಿಳಿದವು. ಯಾರೂ ದಾರಿ ತೋರಿಸಿರಲಿಲ್ಲ. ನಟ್ಟನಡುವೆ ಒಂದನ್ನೊಂದು ಮುಟ್ಟಿ ನಿಂತವು.

“ನನ್ನ ಮೈಯಾಗೂ ಹಿಂಗೇ ನಡೀತವಾ?”

“ಎಲ್ಲರ ಮೈಯಲ್ಲೂ, ಸರ್.”

“ಇನ್ನೊಂದ್ಸಲ ತೋರಿಸ್ರಿ ಮೇಡಂ,” ಎಂದರು ಕಾನ್‌ಸ್ಟೆಬಲ್ ಗಾದ್ರಮ್ಮ, ಪಿಸುದನಿಯಲ್ಲಿ.

ಮುಲಾಮು ಹಾಕಿದ್ದ, ಈಗ ಕಳುವಾದ ತಟ್ಟೆಯ ಚಿತ್ರಗಳು ಹಾಗಿರಲಿಲ್ಲ. ಶನಿವಾರ ಸಂಜೆವರೆಗೂ ಗೀರು ಬಾಯಿ ತೆರೆದೇ ಇತ್ತು. ಮುಂದಿನ ಚಿತ್ರದಲ್ಲಿ ಗೀರೇ ಇಲ್ಲ.

“ಇವು ನಡೆದು ಬಂದಿಲ್ಲ. ಗೀರೇ ಎಳೆಯದ ತಟ್ಟೆ ಇದು,” ಎಂದರು ತಿಪ್ಪೇರುದ್ರ. “ಇಂಥವು ಯಾರ ಕೈಯಾಗಿರ್ತವೆ?”

“ಕೋಶಗಳನ್ನ ಸಾಕೋ ಪ್ರವೀಣ್ ಕುಮಾರ್ ಹತ್ರ. ಆ ಸಂಜೆ ಅವನೊಬ್ಬನೇ ಇದ್ದ.”

ಮಧ್ಯಾಹ್ನ ಸವಳಂಗದ ಅವನ ಮನೆಯಲ್ಲಿ ಪಂಚರ ಸಮಕ್ಷಮ ಶೋಧ ನಡೆಯಿತು. ಅಡುಗೆಮನೆಯ ಹಾಟ್‌ಬಾಕ್ಸ್‌ನೊಳಗೆ, ಬಿಸಿನೀರಿನ ಬಾಟಲಿಗಳ ನಡುವೆ ತಟ್ಟೆ ಸಿಕ್ಕಿತು. ತಳದಲ್ಲಿ ಶಾಂತಲಾ ಹಾಕಿದ್ದ ಗುರುತಿತ್ತು. ಗಾದ್ರಮ್ಮ ಪಂಚನಾಮೆ ಬರೆದರು. ನಡುಮನೆಯ ಮಂಚದ ಮೇಲೆ, ಕಾಲಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡ ಅವನ ತಾಯಿ ಶಂಕ್ರಮ್ಮ ಕೂತಿದ್ದಳು.

“ಏನ್ ಮಾಡ್ಯಾನ್ರೀ ನನ್ನ ಮಗ?”



ಪ್ರವೀಣನನ್ನು ಬಂಧಿಸಿ ಜೀಪು ಹತ್ತಿಸಿದರು.

“ಯಾಕೆ ಮಾಡಿದೆ?” ತಿಪ್ಪೇರುದ್ರ ಕೇಳಿದರು.

“ಪರೀಕ್ಷೆ ಫೇಲಾದ್ರೆ ಮುಲಾಮು ನಿಂತೇ ಹೋಗ್ತಿತ್ತು ಸರ್. ಮೊದಲು ಹಚ್ಚಿಸ್ಕೊಳ್ಳೋರಾಗೆ ಅಮ್ಮನೂ ಅದಾಳೆ. ಇಲ್ಲಾಂದ್ರೆ ಕಾಲು ತೆಗೀಬೇಕು ಅಂದಾರೆ ಡಾಕ್ಟ್ರು.”

“ಅಸಲಿ ತಟ್ಟೆ ಎಸೆದಿದ್ರೆ ಸಿಕ್ಕಿಬೀಳ್ತಿರಲಿಲ್ಲ ನೀನು. ಯಾಕೆ ಇಟ್ಕೊಂಡೆ?”

ಪ್ರವೀಣ್ ಮನೆಯ ಕಡೆ ತಿರುಗಿ ನೋಡಿದ.

“ತಡವಾಗಾದ್ರೂ ನಡೀತವೇನೋ ಅಂತ ಕಾಯ್ತಿದ್ದೆ ಸರ್.”