ಪಿನ್ನರಿನ ಶೆಡ್ಡಿನಲ್ಲಿ ಮಾಡಿದ ಬಿಲ್ಲು

ಪಿನ್ನರ್ ಊರಿನ ನಮ್ಮ ಮನೆಯ ಹಿಂದೆ ಹೋದ ವರ್ಷ ಬಿದ್ದ ಬ್ಲ್ಯಾಕ್ ಲೋಕಸ್ಟ್ ಮರದಿಂದ ಬೇಟೆಬಿಲ್ಲು ಮಾಡುತ್ತಿದ್ದೆ. ಬಿರುಕಿಲ್ಲದ ತುಂಡು ಸಿಕ್ಕಿದ್ದು ಒಂದೇ. ಅದು ಕೆಟ್ಟರೆ ಇನ್ನೊಂದಿರಲಿಲ್ಲ. ಒಂದು ತುದಿ ಬಗ್ಗಲೊಲ್ಲದು. ಬೇಸತ್ತು ಶೆಡ್ಡಿಗೆ ಬೀಗ ಹಾಕಿ ಮಧ್ಯಾಹ್ನದ ಊಟಕ್ಕೆ ಕುಳಿತೆ. ಶೆಡ್ಡಿನೊಳಗೆ ಮರ ಹೆರೆಯುವ ಸದ್ದು ಶುರುವಾಯಿತು.

"ರೀ, ನೀವಿಲ್ಲೇ ಇದೀರಲ್ಲ, ಅಲ್ಲಿ ಯಾರು?" ಎಂದಳು ಹೆಂಡತಿ ಕಲ್ಯಾಣಿ.

ಓಡಿಹೋಗಿ ಬೀಗ ತೆಗೆದೆವು. ಯಾರೂ ಇರಲಿಲ್ಲ. ಆಗಸ್ಟ್ ಬಿಸಿಲಿನಲ್ಲೂ ಒಳಗೆ ಮೈ ನಡುಗುವಷ್ಟು ಚಳಿ. ನೆಲದ ಮೇಲಿನ ಹೆರೆದ ಚೂರುಗಳು ಮಾತ್ರ ಬಿಸಿಯಾಗಿದ್ದವು. ಬಿಲ್ಲನ್ನು ಎತ್ತಿ ಬಗ್ಗಿಸಿದೆ. ಎರಡು ತುದಿಯೂ ಸಮನಾಗಿ ಬಾಗಿದವು.

"ನಿಮ್ಗಿಂತ ನೀಟಾಗಿ ಮಾಡಿದೆ. ಅದಕ್ಕೂ ಒಂದ್ ತಟ್ಟೆ ಬಿಸಿಬೇಳೆಬಾತ್ ಇಡ್ಲಾ?" ಎಂದು ಕಲ್ಯಾಣಿ ನಕ್ಕಳು. ನಡುಗುತ್ತಲೇ ನಾನೂ ನಕ್ಕೆ.

ಆ ಬಿಲ್ಲಿನ ಗುರಿ ಈವರೆಗೆ ತಪ್ಪಿಲ್ಲ. ಅದರ ಹಿಡಿಯಲ್ಲಿ, ಹೆಬ್ಬೆರಳಿನದನ್ನು ಬಿಟ್ಟು, ಐದು ಬೆರಳುಗಳಿಗೆ ಕೆತ್ತಿದ ತಗ್ಗುಗಳಿವೆ. ನಾನು ಕೆತ್ತಿದ್ದಲ್ಲ; ನನ್ನ ಕೈಗೆ ನಾಲ್ಕೇ ಸಾಕು.