ಮೋಟುವಿಗಾಗಿ ಹನ್ನೆರಡು ಭಾನುವಾರ

"ಅದು ನಿಮಗೆ ಆಗಲ್ಲ."

ಇಷ್ಟೇ. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ಗಾಜಿನ ಗೂಡಿನಲ್ಲಿದ್ದ ಇಗುವಾನಾ ಜಾತಿಯ ಹಸಿರು ಹಲ್ಲಿಯ ಕಡೆ ತೋರಿಸಿದ ಬೆರಳನ್ನು ಅವಳು ಇನ್ನೂ ಕೆಳಗಿಳಿಸಿರಲಿಲ್ಲ, ಆ ಮನುಷ್ಯ ತೀರ್ಪು ಕೊಟ್ಟಾಗಿತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಯಾಕೆ ಆಗಲ್ಲ?"

"ಈಗ ಮೊಳದುದ್ದ ಇದೆ. ಇನ್ನು ಮೂರು ವರ್ಷಕ್ಕೆ ನಿಮ್ಮಷ್ಟೇ ಉದ್ದ ಆಗುತ್ತೆ. ಮನೇಲಿ ಎಷ್ಟು ರೂಮಿದೆ?"

"ಎರಡು. ನಾನು, ನಮ್ಮ ಚಿಕ್ಕಮ್ಮ."

"ಹಾಗಾದ್ರೆ ನಿಮ್ಮಿಬ್ಬರಲ್ಲಿ ಒಬ್ಬರು ಹೊರಗೆ ಮಲಗಬೇಕಾಗುತ್ತೆ."

ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಸಾಕಿ ಬೇಸತ್ತವರು ಬಿಟ್ಟುಹೋದ ಹಲ್ಲಿ, ಓತಿಕ್ಯಾತ, ಆಮೆಗಳಿಗೆಲ್ಲ ಹೊಸ ಮನೆ ಹುಡುಕಿಕೊಡುವ ಆಶ್ರಯ ಅದು. ಇವನು ಅಲ್ಲಿಯ ಮೇಲ್ವಿಚಾರಕ. ಹೆಣ್ಣು ಕೊಡುವ ಅಪ್ಪಂದಿರು ಕೂಡ ಇವನಷ್ಟು ವಿಚಾರಿಸುವುದಿಲ್ಲವೇನೋ.

ಅವನು ಒಂದು ಫಾರಮ್ಮು ತೆಗೆದ.

"ಕೆಲಸ?"

"ಲಿಫ್ಟ್ ಕಂಪನಿ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಒಳಗಿನ ಗುಂಡಿ ಒತ್ತಿದ್ರೆ ನನಗೆ ಫೋನ್ ಬರುತ್ತೆ. ಮೆಕ್ಯಾನಿಕ್ ಹೋಗೋವರೆಗೆ ಅವರ ಜೊತೆ ಮಾತಾಡ್ತಾ ಇರ್ತೀನಿ."

"ಹಲ್ಲಿ ಯಾಕೆ ಸಾಕಬೇಕು ಅನ್ನಿಸ್ತು?"

"ಸುಮ್ನೆ."

"ಸುಮ್ನೆ ಅಂತ ಫಾರಮ್ಮಿನಲ್ಲಿ ಬರೆಯೋಕಾಗಲ್ಲ."

ಎದ್ದು ಹೋಗಿಬಿಡಲೇ ಎಂದುಕೊಂಡಳು. ಹೋಗುವುದು ಅವಳಿಗೆ ಹೊಸದಲ್ಲ. ಐದು ವರ್ಷದಲ್ಲಿ ಇದು ಮೂರನೆಯ ಕೆಲಸ. ಕೂತಲ್ಲಿ ಕೂರದ ಇವಳನ್ನು ಚಿಕ್ಕಮ್ಮ ಕರೆಯುವುದೇ 'ಚಡಪಡಿ' ಎಂದು. ನಾವೂ ಹಾಗೇ ಕರೆಯೋಣ, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಅವತ್ತು ಚಡಪಡಿ ಏಳಲಿಲ್ಲ.

"ದಿನಪೂರ್ತಿ ಗಾಬರಿಯಾದವರಿಗೆ ಸಮಾಧಾನ ಹೇಳ್ತೀನಿ. ಮನೆಗೆ ಬಂದ್ರೆ ಆ ಗಾಬರಿಯೆಲ್ಲ ನನ್ನೊಳಗೇ ಓಡಾಡ್ತಾ ಇರುತ್ತೆ. ಗಂಟೆಗಟ್ಟಲೆ ಅಲ್ಲಾಡದೆ ಕೂರೋ ಪ್ರಾಣಿ ಒಂದು ಎದುರಿಗಿದ್ರೆ... ನಾನೂ ಕೂರೋದು ಕಲೀತೀನೇನೋ ಅಂತ."

ಅವನು ಪೆನ್ನು ಕೆಳಗಿಟ್ಟು ಮೊದಲ ಬಾರಿ ಅವಳ ಮುಖ ನೋಡಿದ. ಆಮೇಲೆ ಅವಳನ್ನು ಕೊನೆಯ ಗೂಡಿನ ಹತ್ತಿರ ಕರೆದುಕೊಂಡು ಹೋದ.

ಒಳಗೆ ಅಂಗೈಯಷ್ಟು ಉದ್ದದ ಹಳದಿ ಹಲ್ಲಿ. ಮೈತುಂಬ ಕಪ್ಪು ಚುಕ್ಕೆ, ಗಡ್ಡೆಯಂಥ ದಪ್ಪ ಮೋಟು ಬಾಲ.

"ಬಾಲ ಮೊದಲಿನದಲ್ಲ. ಯಾರೋ ಹಿಡಿದು ಎಳೆದಾಗ ಹೆದರಿ ಕಳಚಿಕೊಂಡಿತ್ತು, ಮತ್ತೆ ಬೆಳೆದಿದೆ. ಮೂರು ಮನೆ ಸುತ್ತಿ ಬಂದಿದೆ ಪಾಪ. ಹೊಸಬರಿಗೆ ಇದಕ್ಕಿಂತ ಒಳ್ಳೇದು ಇಲ್ಲ."

ಹಲ್ಲಿ ನಿಧಾನವಾಗಿ ಕಣ್ಣು ಮಿಟುಕಿಸಿತು. ಗೋಡೆಯ ಹಲ್ಲಿಗಳಿಗೆ ರೆಪ್ಪೆ ಇರುವುದಿಲ್ಲ, ಇದಕ್ಕೆ ಇತ್ತು. ಚಡಪಡಿಯ ಮನಸ್ಸು ಅಲ್ಲೇ ಸೋತುಹೋಯಿತು.

"ಇಪ್ಪತ್ತು ವರ್ಷ ಬದುಕಬಹುದು," ಅವನೆಂದ. "ನೀವು ಯಾವುದನ್ನಾದ್ರೂ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದೀರಾ?"

"ಚಿಕ್ಕಮ್ಮನ್ನ."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಅವನು ಬೇರೆ ಯಾರೋ ಅನ್ನಿಸಿತು ಅವಳಿಗೆ.

"ಭಾನುವಾರ ಬಂದು ನೋಡ್ತೀನಿ. ಸರಿಯಾಗಿ ನೋಡಿಕೊಳ್ತಿಲ್ಲ ಅಂತಾದ್ರೆ ವಾಪಸ್ ತಗೊಂಡು ಹೋಗ್ತೀನಿ. ಅದು ನಿಯಮ," ಎಂದ ಅವನು ಮತ್ತೆ ಮುಖ ಗಂಟು ಹಾಕಿಕೊಂಡು.

ಬಾಲ ನೋಡಿ ಅವಳು ಮೋಟು ಎಂದು ಹೆಸರಿಟ್ಟ ಆ ಹಲ್ಲಿ ಮನೆಗೆ ಬಂದ ದಿನ ಚಿಕ್ಕಮ್ಮ ಅಡುಗೆಮನೆಯ ಬಾಗಿಲಿನಿಂದ ಈಚೆ ಬರಲಿಲ್ಲ.

"ಗೋಡೆ ಮೇಲೆ ಪುಕ್ಕಟೆ ಓಡಾಡೋದನ್ನೇ ಪೊರಕೆ ಹಿಡಿದು ಓಡಿಸ್ತೀನಿ. ನೀನು ಹುಡುಕಿಕೊಂಡು ಹೋಗಿ ತಂದಿದ್ದೀಯಲ್ಲ... ಅದರ ಮುಖ ಸಹ ನೋಡಲ್ಲ ನಾನು, ಹೇಳಿದ್ದೀನಿ."

ಗಾಜಿನ ಪೆಟ್ಟಿಗೆಯ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಬಿಸಿಯ ಕಡೆ ಮೇಲೊಂದು ದೀಪ, ಅದರ ಕೆಳಗಿನ ಚಪ್ಪಟೆ ಕಲ್ಲು ಹಗಲಿಡೀ ಮೂವತ್ತೆರಡು ಡಿಗ್ರಿ ಇರಬೇಕು. ಅಡಗಿಕೊಳ್ಳಲು ಎರಡು ಗುಹೆ, ಪೊರೆ ಬಿಡುವಾಗ ಬೇಕಾಗುವ ಒದ್ದೆ ಪಾಚಿಯ ಡಬ್ಬಿ ಒಂದು. ದಿನ ಬಿಟ್ಟು ದಿನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದ ಮಿಡತೆ. ಎರಡು ವಾರ ಮುಟ್ಟುವಂತಿಲ್ಲ. ಎಲ್ಲವನ್ನೂ ಅವನು ಬರೆದುಕೊಟ್ಟಿದ್ದ.

ಮೂರು ದಿನ ಮೋಟು ಗುಹೆಯಿಂದ ಮೂತಿ ಹೊರಗೆ ಹಾಕಲಿಲ್ಲ. ಚಡಪಡಿ ಮುಳ್ಳಿನ ಮೇಲೆ ಕೂತಂತಿದ್ದಳು. ನಾಲ್ಕನೆಯ ದಿನ ಫೋನ್ ಮಾಡಿದಳು.

"ಸತ್ತುಹೋಯ್ತೇನೋ ಅಂತ ಭಯ ಆಗ್ತಿದೆ."

"ದಿನಕ್ಕೆ ಎಷ್ಟು ಸಲ ಬಗ್ಗಿ ನೋಡ್ತೀರಿ?"

"ಒಂದು... ಇಪ್ಪತ್ತು ಸಲ."

"ನಿಮ್ಮನ್ನ ಯಾರಾದ್ರೂ ದಿನಕ್ಕೆ ಇಪ್ಪತ್ತು ಸಲ ಬಗ್ಗಿ ನೋಡಿದ್ರೆ ನೀವು ಊಟ ಮಾಡ್ತೀರಾ?"

ಸಿಟ್ಟು ಬಂತು, ನಗುವೂ ಬಂತು. ಅವತ್ತು ಸಂಜೆ ದೂರದ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ಒಂದು ಗಂಟೆಯ ಮೇಲೆ ಮೋಟು ಹೊರಗೆ ಬಂದು, ಬಾಲದ ತುದಿ ಕುಣಿಸಿ, ಗಬಕ್ಕನೆ ಮಿಡತೆ ಹಿಡಿಯಿತು. ಒಂದು ಗಂಟೆ ಅಲ್ಲಾಡದೆ ಕೂತಿದ್ದೆ ಎಂದು ಅವಳಿಗೆ ಗೊತ್ತಾದದ್ದೇ ಆಮೇಲೆ.

ಭಾನುವಾರ ಅವನು ಪುಟ್ಟ ತಕ್ಕಡಿ ತಂದ. ಮೋಟುವನ್ನು ತೂಗಿದ, ಬೆರಳು ನೋಡಿದ, ಅವಳು ದಿನವೂ ಡಿಗ್ರಿ ಬರೆದಿಡುತ್ತಿದ್ದ ಪುಸ್ತಕ ನೋಡಿದ, ಹೋದ. ಮುಂದಿನ ಭಾನುವಾರವೂ ಬಂದ. ಅದರ ಮುಂದಿನದಕ್ಕೂ.

ಐದನೆಯ ವಾರ ಮೋಟು ಬೂದಿಯಂತೆ ಬೆಳ್ಳಗಾಗಿ, ಬೆಳಗಾಗುವಷ್ಟರಲ್ಲಿ ಮತ್ತೆ ಹೊಸ ಹಳದಿಯಾಗಿತ್ತು.

"ಪೊರೆ ಬಿಟ್ಟಿದೆ. ಆದ್ರೆ ಎಷ್ಟು ಹುಡುಕಿದ್ರೂ ಪೊರೆ ಸಿಗ್ತಿಲ್ಲ," ಅಂದಳು.

"ಸಿಗಲ್ಲ. ಅದೇ ತಿಂದುಬಿಡುತ್ತೆ."

"ಒಗೆಯೋ ಗೋಜೇ ಇಲ್ಲ," ಎಂದು ಅಡುಗೆಮನೆಯಿಂದ ದನಿ ಬಂತು. ಮುಖವನ್ನೇ ನೋಡುವುದಿಲ್ಲ ಎಂದವರು ಕಿವಿಯನ್ನಂತೂ ಇತ್ತಲೇ ಇಟ್ಟಿದ್ದರು.

ಅವನು ಜೋರಾಗಿ ನಕ್ಕ. ಆ ವಾರದಿಂದ ತಕ್ಕಡಿ ಚೀಲ ಸೇರಿದ ಮೇಲೂ ಅವನು ಸ್ವಲ್ಪ ಹೊತ್ತು ಕೂರತೊಡಗಿದ. ಹೆಚ್ಚು ಮಾತಿಲ್ಲ. ಇಬ್ಬರೂ ಮೋಟುವನ್ನು ನೋಡುತ್ತಿದ್ದರು. ನಡುನಡುವೆ ಚಡಪಡಿ ಮೋಟುವನ್ನು ಬಿಟ್ಟು ಅವನನ್ನು ನೋಡುತ್ತಿದ್ದಳು.

ಶನಿವಾರ ಬಂದರೆ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇದೇನಿದು... ಹಲ್ಲಿಯ ತೂಕ ನೋಡಲು ಬರುವವನಿಗಾಗಿ ಎರಡು ಸಲ ತಲೆ ಬಾಚಿಕೊಳ್ಳುವುದು? ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅವನನ್ನು ಪ್ರೀತಿಸುತ್ತಿದ್ದಳು.

ಹನ್ನೆರಡನೆಯ ಭಾನುವಾರ ಅವನು ಪುಸ್ತಕ ಮುಚ್ಚಿದ.

"ಅರವತ್ತೆರಡು ಗ್ರಾಂ. ತುಂಬ ಚೆನ್ನಾಗಿ ನೋಡಿಕೊಂಡಿದ್ದೀರಿ. ಇನ್ನು ನಾನು ಬರಬೇಕಾಗಿಲ್ಲ."

ಬೇಸರ ಮುಖದಲ್ಲಿ ತೋರಬಾರದೆಂದು ಅವಳು ನಕ್ಕಳು. "ಇದು ಊಟ ಬಿಟ್ರೆ ಬರ್ತೀರಾ?"

"ಆಗ ಬರಲೇಬೇಕಾಗುತ್ತೆ," ಎಂದು ಅವನೂ ನಕ್ಕು ಚಪ್ಪಲಿ ಮೆಟ್ಟಿಕೊಂಡ.

ಮುಂದಿನ ಭಾನುವಾರ ಮನೆ ಬಿಕೋ ಎನ್ನುತ್ತಿತ್ತು. ಅವಳು ಬಾಗಿಲಿಗೂ ಕಿಟಕಿಗೂ ನಡೆದಾಡಿದಳು. ಕೊನೆಗೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ದೀಪದ ಕಂಬಿಗೆ ಒಂದು ತಿರುಪು. ಸಡಿಲಿಸಿ ನಾಲ್ಕು ಬೆರಳು ಮೇಲೆತ್ತಿದರೆ ಸಾಕು, ಕಲ್ಲು ತಣ್ಣಗಾಗುತ್ತದೆ, ಮೋಟು ಊಟ ಬಿಡುತ್ತದೆ, ಅವನು ಬರುತ್ತಾನೆ.

ಕೈ ತಿರುಪಿನ ಮೇಲೆ ಹೋಯಿತು. ಕೆಳಗೆ ಮೋಟು ಅವಳನ್ನೇ ನೋಡಿ ಕಣ್ಣು ಮಿಟುಕಿಸಿತು. ಬೆಂಕಿ ಮುಟ್ಟಿದವಳಂತೆ ಕೈ ಹಿಂದೆ ತೆಗೆದುಕೊಂಡಳು.

ಆದರೆ ಮೋಟು ನಿಜವಾಗಿಯೂ ಊಟ ಬಿಟ್ಟಿತು.

ಒಂದು ವಾರ ಮಿಡತೆಗಳತ್ತ ತಿರುಗಿಯೂ ನೋಡಲಿಲ್ಲ. ಡಿಗ್ರಿ ಸರಿಯಿತ್ತು, ಬೆಳಗ್ಗೆ ಕೆಲಸಕ್ಕೆ ಹೊರಡುವಾಗಲೂ ಮೂವತ್ತೆರಡು, ಸಂಜೆ ಬಂದಾಗಲೂ ಮೂವತ್ತೆರಡು. ಹತ್ತನೆಯ ದಿನ ಬೆಳಗ್ಗೆ ನೋಡಿದರೆ ದಪ್ಪ ಬಾಲ ಸೊರಗಿತ್ತು. ಕೆಲಸದ ಜಾಗದಿಂದಲೇ ಅವನಿಗೆ ಫೋನ್ ಮಾಡಿದಳು.

"ಈಗಲೇ ಬರ್ತೀನಿ. ನೀವೂ ಬನ್ನಿ," ಅಂದ.

ಮಧ್ಯಾಹ್ನ ಮೂರಕ್ಕೆ ಇಬ್ಬರೂ ಒಟ್ಟಿಗೇ ಮೆಟ್ಟಿಲು ಹತ್ತಿದರು. ಚಿಕ್ಕಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಅವನು ಪೆಟ್ಟಿಗೆಯ ಮುಂದೆ ಕೂತು ಕಲ್ಲಿನ ಮೇಲೆ ಹಿಂಗೈ ಇಟ್ಟ, ಪಕ್ಕದ ಥರ್ಮಾಮೀಟರ್ ನೋಡಿದ. ಮೇಲೆ ನೋಡಿದ.

"ದೀಪಾನ ಮೇಲೆ ಎತ್ತಿದ್ದಾರೆ. ಕಲ್ಲು ಬರೀ ಇಪ್ಪತ್ತಾರಿದೆ. ಹೊಟ್ಟೆಗೆ ಬಿಸಿ ಇಲ್ಲದೆ ತಿಂದದ್ದು ಅರಗಲ್ಲ ಇದಕ್ಕೆ. ಅದಕ್ಕೇ ಬಿಟ್ಟಿದೆ."

"ಹೇಗೆ ಸಾಧ್ಯ? ಬೆಳಗ್ಗೆ ಸರಿ ಇತ್ತು."

ಅವನು ಪುಸ್ತಕ ತೆರೆದ. ಹತ್ತು ದಿನವೂ ಅವಳ ಅಕ್ಷರದಲ್ಲಿ ಮೂವತ್ತೆರಡು, ಮೂವತ್ತೆರಡು. ಅವನ ಮುಖ ನಿಧಾನವಾಗಿ ಕಪ್ಪಿಟ್ಟಿತು.

"ಊಟ ಬಿಟ್ರೆ ಬರ್ತೀರಾ ಅಂದಿದ್ರಿ. ನಾನು ತಮಾಷೆ ಅಂದ್ಕೊಂಡಿದ್ದೆ."

ಕತ್ತಲೆಯ ಲಿಫ್ಟಿನಲ್ಲಿ ಅಳುವವರನ್ನು ಮಾತಿನಲ್ಲೇ ಎತ್ತಿ ಹಿಡಿಯುವವಳಿಗೆ ಒಂದು ಶಬ್ದ ಹೊರಡಲಿಲ್ಲ. ನಾನಲ್ಲ ಎಂದುಬಿಡಬಹುದಿತ್ತು. ಆದರೆ ಆ ತಿರುಪಿನ ಮೇಲೆ ಇಟ್ಟಿದ್ದ ಕೈ ತನ್ನದೇ ಅಲ್ಲವೇ... ಅದು ನೆನಪಾಗಿ ತಲೆ ತಗ್ಗಿಸಿದಳು.

ಅವಳ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ. ಮೋಟುವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಟ್ಟುಕೊಂಡ. ಬಾಗಿಲಲ್ಲಿ ಒಂದು ಕ್ಷಣ ನಿಂತವನು ತಿರುಗಿ ನೋಡದೆ ಹೋದ.

ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದ ಚಿಕ್ಕಮ್ಮ ಪೆಟ್ಟಿಗೆಯ ಕಡೆ ಬಗ್ಗಿ, "ಎಲ್ಲಿ ಅವನು?" ಎಂದರು.

ಚಡಪಡಿ ತಲೆ ಎತ್ತಿದಳು. "ಅವನಾ? ನೀನು ಅದರ ಮುಖಾನೇ ನೋಡಲ್ಲ ಅಂದಿದ್ದೆ."

ಚಿಕ್ಕಮ್ಮ ಸೆರಗಿನ ತುದಿ ಹಿಂಡಿದರು. "ಹಗಲೆಲ್ಲ ಮನೇಲಿ ಇನ್ಯಾರಿದ್ದಾರೆ ನನಗೆ? ಕೂತು ಮಾತಾಡಿಸ್ತೀನಿ. ಈಗ ಸೆಕೆ ಬೇರೆ ಶುರುವಾಗಿದೆ, ದೀಪದ ಕೆಳಗೆ ಬೇಯುತ್ತೆ ಪಾಪ ಅಂತ ನೀನು ಹೋದ ಮೇಲೆ ಮೇಲೆತ್ತಿ, ಬರೋ ಹೊತ್ತಿಗೆ ಇಳಿಸಿಬಿಡ್ತಿದ್ದೆ. ನಿನಗೆ ಗೊತ್ತಾದ್ರೆ ಆಡಿಕೊಳ್ತೀಯ ಅಂತ. ಇವತ್ತು ಇಳಿಸೋಕೆ ಆಗಲಿಲ್ಲ... ಯಾಕೆ, ಏನಾಯ್ತು?"

ಆದದ್ದನ್ನು ಹೇಳಿದಾಗ ಚಿಕ್ಕಮ್ಮ ಕುಸಿದು ಕೂತರು. "ನಾನೇ ಬಂದು ಆ ಹುಡುಗನ ಹತ್ರ ಹೇಳ್ತೀನಿ ನಡಿ."

"ಬೇಡ ಚಿಕ್ಕಮ್ಮ. ನಾನು ಹೇಳಬೇಕಾದ್ದೂ ಒಂದಿದೆ."

ಮರುದಿನ ಬೆಳಗ್ಗೆ ಆಶ್ರಯದಲ್ಲಿ ಅವನು ಮೋಟುವಿನ ಪೆಟ್ಟಿಗೆಯ ಎದುರೇ ಕೂತಿದ್ದ. ಅವಳು ನಿಂತುಕೊಂಡೇ ಚಿಕ್ಕಮ್ಮನ ಕಥೆ ಹೇಳಿ ಮುಗಿಸಿದಳು. ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

"ಕ್ಷಮಿಸಿ. ಒಂದು ಮಾತು ಕೇಳದೆ ಎತ್ತಿಕೊಂಡು ಬಂದೆ. ನಾನಲ್ಲ ಅಂತ ನಿನ್ನೆನೇ ಯಾಕೆ ಹೇಳಲಿಲ್ಲ ನೀವು?"

ಇಲ್ಲಿಗೆ ಸುಮ್ಮನಾಗಿದ್ದರೆ ಮೋಟುವನ್ನು ಎತ್ತಿಕೊಂಡು ಗೆದ್ದವಳಂತೆ ಮನೆಗೆ ಹೋಗಬಹುದಿತ್ತು. ಆದರೆ ಇವನ ಮುಂದೆ ಸುಳ್ಳಾಗಿ ನಿಲ್ಲುವುದು ಅವಳಿಂದಾಗಲಿಲ್ಲ.

"ಯಾಕಂದ್ರೆ ನಾನೂ ಆ ತಿರುಪಿಗೆ ಕೈ ಹಾಕಿದ್ದೆ. ನೀವು ಬರದ ಮೊದಲನೇ ಭಾನುವಾರ. ನಿಮ್ಮನ್ನ ನೋಡದೆ ಇರೋಕೆ ಆಗ್ತಿರಲಿಲ್ಲ... ಇದನ್ನ ಕೇಳಿ ಮೋಟುನ ಕೊಡಬಾರದು ಅನ್ನಿಸಿದ್ರೆ, ಕೊಡಬೇಡಿ."

ಮಾತು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ತಿರುಗಿಸಿದ್ರಾ?"

"ಇಲ್ಲ. ಮೋಟು ನನ್ನೇ ನೋಡ್ತಿತ್ತು. ಅದಕ್ಕೆ ಚಳಿಯಾಗುತ್ತೆ ಅನ್ನಿಸ್ತು."

ಅವನು ಎದ್ದು ಕಪಾಟಿನಿಂದ ಅವಳ ಹಳೆಯ ಫಾರಮ್ಮು ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಮನೆಗೆ ಹೋಗಿ ನೋಡಬೇಕಾದ ಭಾನುವಾರಗಳು: ನಾಲ್ಕು.

"ನಾಲ್ಕಾ?" ಎಂದಳು ಅವಳು. "ಹನ್ನೆರಡು ಸಲ ಬಂದ್ರಲ್ಲ."

"ಮಿಕ್ಕ ಎಂಟು..." ಅವನು ತಡವರಿಸಿದ. ಕಿವಿ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ.

ಸಿಕ್ಕಿಹಾಕಿಕೊಂಡವರನ್ನು ಅವಳು ಬಲ್ಲಳು. ಕಣ್ಣೊರೆಸಿಕೊಂಡು, ದಿನವೂ ನೂರು ಜನಕ್ಕೆ ಹೇಳುವ ಮಾತನ್ನು ಮೆಲ್ಲಗೆ ಹೇಳಿದಳು.

"ಗಾಬರಿ ಆಗಬೇಡಿ. ನಿಧಾನಕ್ಕೆ ಹೇಳಿ. ನಾನು ಲೈನಲ್ಲೇ ಇರ್ತೀನಿ."

ಅವನು ಉಸಿರು ಬಿಟ್ಟ. "ನಿಮ್ಮನ್ನ ನೋಡೋಕೆ ಬರ್ತಿದ್ದೆ. ಆಮೇಲೆ ನನಗೇ ನಾಚಿಕೆ ಆಯ್ತು. ಚೆನ್ನಾಗಿರೋ ಹಲ್ಲಿಯನ್ನ ಎಷ್ಟು ಸಲ ತೂಗೋದು ಅಂತ ನಿಲ್ಲಿಸಿದೆ. ಆ ಎರಡು ಭಾನುವಾರ ನಾನು ಹೇಗೆ ಕಳೆದೆ ಅಂತ ಈ ಆಮೆಗಳನ್ನ ಕೇಳಿ."

ಅವಳು ನಕ್ಕಳು. ಅಳುವೂ ಅದರ ಜೊತೆಗೇ ಬಂತು. ಅವನ ಕೈ ಅವಳ ಕೈಯನ್ನು ಹುಡುಕಿಕೊಂಡಿತು. ಹೊರಡಬೇಕು, ಏಳಬೇಕು, ಓಡಬೇಕು ಎಂದು ಸದಾ ಚಡಪಡಿಸುವ ಅವಳ ಮನಸ್ಸಿಗೆ ಅವತ್ತು ಎಲ್ಲಿಗೂ ಹೋಗುವುದಿರಲಿಲ್ಲ.

ಪೆಟ್ಟಿಗೆಯೊಳಗೆ ಮೋಟು ಬಿಸಿ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಮಲಗಿತ್ತು. ಬೆಳಗ್ಗೆ ಎರಡು ಮಿಡತೆ ತಿಂದಿದೆ, ನಾಳೆ ಕರೆದುಕೊಂಡು ಹೋಗಬಹುದು ಎಂದ ಅವನು.

"ಚಿಕ್ಕಮ್ಮನಿಗೆ ಹೇಳಿ, ಅದಕ್ಕೆ ಸೆಕೆ ಆದ್ರೆ ಅದೇ ತಂಪಿನ ಕಡೆ ಹೋಗುತ್ತೆ ಅಂತ."

"ಭಾನುವಾರ ಬಂದು ನೀವೇ ಹೇಳಿ."

"ಬರ್ತೀನಿ. ತಕ್ಕಡಿ ತರಲಾ?"

"ಬೇಡ," ಅಂದಳು ಅವಳು. "ಸುಮ್ನೆ ಬನ್ನಿ."